ಸೂರ್ಯನಿಗೆ ಬೆನ್ನು ಹಾಕಿ ನಿಂತವನು

“ಮೇಡಂ, ನನ್ನ ಕಿವಿ ಕಾಣದ ಹಾಗೆ ಒಂದು ಫೋಟೊ ಬೇಕಿತ್ತು.”

ಎದುರು ಸಾಲಿನ ಕನ್ನಡಕದ ಅಂಗಡಿಯವನು ಸ್ಟುಡಿಯೊ ಬಾಗಿಲಲ್ಲೇ ನಿಂತು ಹೀಗೆ ಕೇಳಿದಾಗ ಅವಳು ಕ್ಯಾಮೆರಾ ಒರೆಸುತ್ತಿದ್ದಳು. ಅಪ್ಪನ ನಂತರ ಒಂಬತ್ತು ವರ್ಷ ಪಾಸ್‌ಪೋರ್ಟ್ ಫೋಟೊ ತೆಗೆದೂ ತೆಗೆದೂ ಅವಳ ಬಾಯಿಗೆ ಒಂದೇ ಪಾಠ ಅಂಟಿಕೊಂಡಿತ್ತು. ತಲೆಯೆತ್ತದೆ ಹೇಳಿದಳು:

“ಎರಡೂ ಕಿವಿ ಕಾಣ್ಲೇಬೇಕು ಸಾರ್. ಇಲ್ಲಾಂದ್ರೆ ವಾಪಸ್ ಕಳಿಸ್ತಾರೆ.”

“ನನ್ನನ್ನ ಕಿವಿ ಕಂಡ್ರೇನೇ ವಾಪಸ್ ಕಳಿಸೋದು. ಇದು ಪಾಸ್‌ಪೋರ್ಟಿಗಲ್ಲ ಮೇಡಂ.”

ಆಗ ಅವಳು ತಲೆಯೆತ್ತಿದಳು. ಮೂವತ್ತೈದರ ಆಸುಪಾಸಿನ, ತೆಳ್ಳನೆಯ, ಅಚ್ಚುಕಟ್ಟಾದ ಮನುಷ್ಯ. ಕಿವಿಗಳು ಮಾತ್ರ ಯಾರ ಮಾತಿಗೂ ಬಗ್ಗದೆ ತಲೆಯ ಎರಡು ಬದಿಗೂ ನೆಟ್ಟಗೆ ನಿಂತಿದ್ದವು. ಅವನ ಅಕ್ಕನ ಆಫೀಸಿನಲ್ಲಿ ಯಾರೋ ಒಬ್ಬರು ಇದ್ದಾರಂತೆ. ಅವರಿಗೆ ತಮ್ಮನ ಫೋಟೊ ತೋರಿಸಬೇಕಂತೆ. ಇಷ್ಟವಾದರೆ ಒಂದು ಭಾನುವಾರ ಭೇಟಿಯಂತೆ.

ಕೌಂಟರಿನ ಹಿಂದೆ ಸ್ವೆಟರ್ ಹೆಣೆಯುತ್ತಿದ್ದ ಅವಳ ಅಮ್ಮನಿಗೆ ಕಿವಿ ಮಂದ. ಆದರೆ ಇಂಥ ಮಾತು ಒಂದೂ ತಪ್ಪುತ್ತಿರಲಿಲ್ಲ. “ಅಷ್ಟು ದೊಡ್ಡ ಕಿವಿ ಯಾಕಪ್ಪ ಮುಚ್ಕೋತೀಯ? ನನ್ನ ಕಿವಿ ನೋಡು, ಇದ್ದೂ ಇಲ್ಲ!”

ಅವನು ನಕ್ಕುಬಿಟ್ಟ. ಅವಳಿಗೆ ಅವನು ನಗುವ ರೀತಿ ಹಿಡಿಸಿತು. ಮೊದಲು ಕಣ್ಣು ನಗುತ್ತಿತ್ತು, ಆಮೇಲೆ ಬಾಯಿ.

ಅವಳಿಗೂ ಒಂದು ಗರಜು ಇತ್ತು. ನೀಲಿ ಪರದೆ, ಬಿಳಿ ಪರದೆ, ಅಲುಗಾಡಬೇಡಿ, ಉಸಿರು ಬಿಡಿ — ಇಷ್ಟರಲ್ಲೇ ಬದುಕು ಮುಗಿಯುತ್ತದಲ್ಲ ಎಂದು ಅನಿಸತೊಡಗಿತ್ತು. ಹೊರಗೆ ಹೋಗಿ, ಸೂರ್ಯನನ್ನು ಆಳಿನ ಬೆನ್ನ ಹಿಂದೆ ಇಟ್ಟು ಭಾವಚಿತ್ರ ತೆಗೆಯುವುದನ್ನು ಕಲಿಯಬೇಕೆಂದು ಹದಿನೈದು ದಿನದಿಂದ ಒದ್ದಾಡುತ್ತಿದ್ದಳು. ಎಲೆ ಉದುರುವ ಕಾಲ. ನಾಲ್ಕೂವರೆಗೆಲ್ಲ ಸೂರ್ಯ ತಗ್ಗಿ, ಕಾಲುವೆ ಪಕ್ಕದ ಹಳದಿ ಮರಗಳ ಸಂದಿಯಿಂದ ಕಾಸಿದ ಬೆಣ್ಣೆಯಂಥ ಬೆಳಕು ಸುರಿಯುತ್ತಿತ್ತು. ಇನ್ನೊಂದು ತಿಂಗಳಿಗೆ ಅದೂ ಇರುವುದಿಲ್ಲ. ಬೆಳಕಿತ್ತು, ಕ್ಯಾಮೆರಾ ಇತ್ತು, ಎದುರಿಗೆ ನಿಲ್ಲುವವರು ಇರಲಿಲ್ಲ. ಅಮ್ಮ ಒಂದು ದಿನ ನಿಂತು, ಶೀತ ಹಿಡಿಯಿತೆಂದು ಕೈ ಮುಗಿದಿದ್ದಳು.

“ನಾಲ್ಕು ಸಂಜೆ ನನ್ನ ಪ್ರಾಕ್ಟೀಸಿಗೆ ನಿಂತ್ಕೊಳ್ಳಿ. ನಿಮ್ಮ ಅಕ್ಕ ಮೆಚ್ಚೋ ಅಂಥ ಫೋಟೊ ಕೊಡ್ತೀನಿ.”

“ಕಿವಿ?”

“ನೋಡೋಣ,” ಎಂದಳು, ಡಾಕ್ಟರುಗಳು ಹೇಳುವ ಹಾಗೆ.

ಮೊದಲ ಸಂಜೆ ಎಲ್ಲವೂ ಕೈಕೊಟ್ಟಿತು. ಹಿಂದಿನ ಮರ ಹೊಳೆಯಿತು, ಅವನ ಮುಖ ಮಾತ್ರ ಬಾಣಲೆಯ ತಳದಂತೆ ಕಪ್ಪಾಯಿತು. ಅವನು ಕ್ಯಾಮೆರಾದ ಪರದೆಗೆ ಮುಖವಿಟ್ಟು ನೋಡಿದ.

“ಇದು ನಾನಾ, ನನ್ನ ನೆರಳಾ?”

“ಕಿವಿ ಕಾಣ್ತಿಲ್ವಲ್ಲ, ಖುಷಿ ಪಡಿ.”

“ಮೂಗೂ ಕಾಣ್ತಿಲ್ಲ ಮೇಡಂ.”

ಎರಡನೆಯ ಸಂಜೆ ಅವನು ಅಂಗಡಿಯಲ್ಲಿ ಫ್ರೇಮುಗಳನ್ನು ಜೋಡಿಸುವ ದೊಡ್ಡ ಬಿಳಿ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. “ದಿನಾ ಗಾಜು ಉಜ್ಜೋನು ನಾನು. ಬೆಳಕು ಹಿಂದಿನಿಂದ ಬಂದ್ರೆ, ಮುಂದೆ ಯಾರಾದ್ರೂ ಅದನ್ನ ವಾಪಸ್ ಕೊಡ್ಬೇಕು.” ಬೋರ್ಡನ್ನು ಎದೆಯ ಕೆಳಗೆ ತಾನೇ ಹಿಡಿದುಕೊಂಡ. ಅವನ ಮುಖ ನಿಧಾನವಾಗಿ ಕತ್ತಲಿಂದ ಎದ್ದು ಬಂತು. ಅವಳು ಎರಡು ಹೆಜ್ಜೆ ಎಡಕ್ಕೆ ಸರಿದು, ಸೂರ್ಯನನ್ನು ಅವನ ತಲೆಯ ಹಿಂದೆ ಅಡಗಿಸಿದಳು. ಕೂದಲಿನ ಅಂಚಿಗೆ ಬಂಗಾರದ ಗೆರೆ ಎಳೆದಂತಾಯಿತು. ಅದೇ ಗಳಿಗೆಗೆ ಎರಡೂ ಕಿವಿಗಳು, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗೆ, ಕೆಂಪಗೆ ಬೆಳಗಿದವು.

ಅವಳು ಕ್ಲಿಕ್ ಮಾಡಿದಳು, ಮಾಡಿ ಜೋರಾಗಿ ನಕ್ಕುಬಿಟ್ಟಳು.

ಅವನ ಮುಖ ಇಳಿಯಿತು. “ಸ್ಕೂಲಲ್ಲಿ ಸಿಗ್ನಲ್ ಲೈಟ್ ಅಂತಿದ್ರು. ರೂಢಿ ಆಗಿದೆ, ಬಿಡಿ.” ಬೋರ್ಡನ್ನು ಮರಕ್ಕೆ ಒರಗಿಸಿಟ್ಟು, ಎಲೆಗಳ ಮೇಲೆ ಸದ್ದು ಮಾಡುತ್ತ ಹೊರಟೇಹೋದ.

ಮರುದಿನ ನಾಲ್ಕೂವರೆ ಆಯಿತು, ಐದಾಯಿತು, ಅವನು ಬರಲಿಲ್ಲ. ಹಾಳಾದ್ದು, ತೆಗೆದ ಫೋಟೊವೂ ಮಸುಕಾಗಿತ್ತು. ಅಪ್ಪನ ಹಳೆಯ ಲೆನ್ಸು. ಫೋಕಸ್ಸನ್ನು ಕೈಯಲ್ಲೇ ತಿರುಗಿಸಿ ಕೂಡಿಸಬೇಕು. ಎಷ್ಟು ತಿರುಗಿಸಿದರೂ ಕೂದಲೆಳೆಯಷ್ಟು ತಪ್ಪುತ್ತಿತ್ತು.

ಅದರ ಮಾರನೆಯ ದಿನ ಬೋರ್ಡನ್ನು ಹೊತ್ತುಕೊಂಡು ಅವಳೇ ಅವನ ಅಂಗಡಿ ಮೆಟ್ಟಿಲು ಹತ್ತಿದಳು. ಕ್ಷಮೆ ಕೇಳಬೇಕೆಂದೇ ಹೋಗಿದ್ದು. ಬಾಯಿಂದ ಹೊರಟದ್ದು ಮಾತ್ರ ಬೇರೆ.

“ಕಣ್ಣು ಪರೀಕ್ಷೆ ಮಾಡ್ತೀರಾ?”

ಅವನು ಕುರ್ಚಿ ತೋರಿಸಿದ. ಪರೀಕ್ಷೆಯ ಭಾರವಾದ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿ, ಕಡ್ಡಿಗಳನ್ನು ಅವಳ ಕಿವಿಯ ಹಿಂದೆ ಸರಿಪಡಿಸಿದ. ಬೆರಳು ತಣ್ಣಗಿತ್ತು. ಒಂಬತ್ತು ವರ್ಷ ಜನರ ಗಲ್ಲ ಹಿಡಿದು ತಿರುಗಿಸಿದವಳು ಅವಳು. ತನ್ನ ಮುಖವನ್ನು ಇನ್ನೊಬ್ಬರು ಇಷ್ಟು ಹತ್ತಿರದಿಂದ ನೋಡಿದರೆ ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ.

“ಇದು ಚೆನ್ನಾಗಿ ಕಾಣುತ್ತಾ, ಇದಾ?”

“ಎರಡನೇದು.”

“ಈಗ?”

ಕೊನೆಯ ಸಾಲಿನ ಅಕ್ಷರಗಳು ಕಡೆದಿಟ್ಟ ಹಾಗೆ ಮೂಡಿದವು. ಆಮೇಲೆ ಅವನ ಮುಖವೂ. “ಮೊನ್ನೆ ನಕ್ಕಿದ್ದು ನಿಮ್ಮನ್ನ ನೋಡಿ ಅಲ್ಲ,” ಎಂದಳು ತಡವರಿಸುತ್ತ. “ಅಂದ್ರೆ, ನಿಮ್ಮನ್ನ ನೋಡೇ. ಆದ್ರೆ ಖುಷಿಗೆ. ಹದಿನೈದು ದಿನ ಮರ ಮರ ಸುತ್ತಿ ಸಿಗದೇ ಇದ್ದ ಬೆಳಕು ನಿಮ್ಮ ಕಿವೀಲಿ ಸಿಕ್ತು.”

ಅವನು ತುಸು ಹೊತ್ತು ಚೀಟಿಯಲ್ಲಿ ಏನೋ ಬರೆದ. “ಬಲಗಣ್ಣಿಗೆ ಸ್ವಲ್ಪ ಪವರ್ ಇದೆ. ಕ್ಯಾಮೆರಾಗೆ ಇಡೋದು ಅದೇ ಕಣ್ಣಲ್ವಾ? ಅದಕ್ಕೇ ನಿಮ್ಮ ಫೋಟೊದಲ್ಲಿ ನಾನು ಮಂಜಲ್ಲಿ ನಿಂತ ಹಾಗೆ ಕಾಣೋದು.”

“ಮಂಜಲ್ಲೇ ಇರ್ತೀರೋ, ಹೊರಗೆ ಬರ್ತೀರೋ?”

“ಕನ್ನಡಕ ನಾಳೆ ರೆಡಿ,” ಎಂದ. “ನಾಲ್ಕೂವರೆಗೆ ತಗೊಂಡು ಬರ್ತೀನಿ. ಮರದ ಹತ್ರ.”

ಹೊಸ ಕನ್ನಡಕದಲ್ಲಿ ಎಲೆಗಳಿಗೆ ನರ ಬಂದಿತ್ತು, ಕಾಲುವೆಗೆ ಅಲೆ ಬಂದಿತ್ತು. ಲೆನ್ಸಿನೊಳಗೆ ಅವನ ರೆಪ್ಪೆ ಒಂದೊಂದೂ ಕಂಡಿತು. ಗಲ್ಲದ ಮೇಲಿನ ಹಳೆಯ ಗಾಯದ ಗುರುತು, ಹುಬ್ಬಿಗೆ ಅಂಟಿದ ಗಾಜಿನ ಪುಡಿ. ಅವನು ಈ ಸಲ ಕಿವಿಯ ವಿಷಯ ಎತ್ತಲಿಲ್ಲ. ಸೂರ್ಯನಿಗೆ ಬೆನ್ನು ಹಾಕಿ, ಸುಮ್ಮನೆ ಅವಳನ್ನೇ ನೋಡುತ್ತ ನಿಂತ. ಅವಳು ಫೋಕಸ್ ಕೂಡಿಸಿದಳು. ಉಸಿರು ಬಿಗಿಹಿಡಿದು ಒತ್ತಿದಳು. ಪರದೆಯ ಮೇಲೆ ನೋಡಿದರೆ — ಬಂದಿತ್ತು. ಅವಳು ತೆಗೆದ ಅಷ್ಟೂ ಮುಖಗಳಲ್ಲಿ ಇಂಥದ್ದೊಂದು ಇರಲಿಲ್ಲ.

ಆಗಲೇ ನೆನಪಾಯಿತು. ಇದನ್ನು ಕೊಡಬೇಕಲ್ಲ, ಇನ್ನೊಬ್ಬಳಿಗೆ ತೋರಿಸಲು.

“ಇನ್ನೂ ಸ್ವಲ್ಪ ಕೆಲಸ ಇದೆ,” ಎಂದು ಮೂರು ದಿನ ತಳ್ಳಿದಳು. ಕೊನೆಗೆ ಅಮ್ಮ ಹೆಣಿಗೆ ಕೆಳಗಿಟ್ಟಳು.

“ಬೇರೆಯವರಿಗೆ ಹತ್ತು ನಿಮಿಷಕ್ಕೆ ಕೊಡ್ತೀಯ. ಇದೇನು ಉಪ್ಪಿನಕಾಯಿನಾ, ಊರೋಕೆ ಇಟ್ಟಿದ್ದೀಯ?”

ಅವಳಿಗೆ ಅಳು ಬಂದಷ್ಟೇ ನಗುವೂ ಬಂತು. ಆ ಸಂಜೆ ಅವನಿಗೆ ಫೋಟೊ ಕಳಿಸಿದಳು. ಬೆಳಗಾದ ಮೇಲೆ ಸ್ಟುಡಿಯೊ ಶಟರ್ ಎತ್ತುವ ಮೊದಲೇ ರಸ್ತೆ ದಾಟಿ ಅವನ ಕೌಂಟರಿನ ಮುಂದೆ ನಿಂತಿದ್ದಳು.

“ಆ ಫೋಟೊ ನಿಮ್ಮಕ್ಕನಿಗೆ ಕಳಿಸ್ಬೇಡಿ.”

“ಯಾಕೆ? ಚೆನ್ನಾಗಿ ಬಂದಿಲ್ವಾ?”

“ಚೆನ್ನಾಗಿ ಬಂದಿದೆ. ಅದಕ್ಕೇ.”

ಅವನು ಒರೆಸುತ್ತಿದ್ದ ಬಟ್ಟೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ನಿನ್ನೇನೇ ಕಳಿಸ್ಬಿಟ್ಟೆ. ಅವರಿಗೂ ಇಷ್ಟ ಆಯ್ತಂತೆ. ಭಾನುವಾರ ಸಿಗೋಣ ಅಂದ್ರಂತೆ.”

“ಒಳ್ಳೇದಾಯ್ತು,” ಎಂದು ಅವಳು ತಿರುಗಿದಳು.

“ಪೂರ್ತಿ ಕೇಳಿ ಮೇಡಂ. ಬರಲ್ಲ ಅಂತ ಅಕ್ಕನಿಗೆ ಹೇಳಿದೆ.”

“ಯಾಕೆ?”

“ಆ ಮುಖ ನಾನು ಕನ್ನಡೀಲಿ ಯಾವತ್ತೂ ನೋಡಿಲ್ಲ. ದಿನಾ ಅಂಗಡೀಲಿ ಇರೋನು ಬೇರೆ. ಇದು ನಿಮ್ಮ ಮುಂದೆ ನಿಂತಾಗ ಮಾತ್ರ ಬರೋ ಮುಖ. ಅವರು ಇದನ್ನ ನಂಬ್ಕೊಂಡು ಬಂದು, ಆ ಇನ್ನೊಬ್ಬ ಸಿಕ್ಕಿದ್ರೆ? ಪಾಪ, ಮೋಸ ಆಗುತ್ತಲ್ಲ.”

ಅವಳ ಕನ್ನಡಕ ಮಂಜಾಯಿತು. ಈ ಸಲ ತಪ್ಪು ಪವರಿನದಾಗಿರಲಿಲ್ಲ. “ಅಕ್ಕ ಏನಂದ್ರು?”

“ಮೊದಲು ಬೈದ್ಲು. ಆಮೇಲೆ, ‘ಹೋಗಿ ಅವಳಿಗೆ ಹೇಳೋ, ದಡ್ಡ’ ಅಂದ್ಲು. ಅಂಗಡಿ ತೆಗೆದಾಗಿಂದ ಧೈರ್ಯ ತಂದ್ಕೋತಾ ಇದ್ದೀನಿ. ಈ ಕೌಂಟರ್ ನಾಲ್ಕು ಸಲ ಒರೆಸಿದ್ದಾಯ್ತು.”

“ಐದನೇ ಸಲ ಬೇಡ,” ಎಂದು ಅವಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಬಟ್ಟೆ ಬಿಟ್ಟರೂ ಅವನ ಕೈ ಬಿಡಲಿಲ್ಲ.

ಮರಗಳಲ್ಲಿ ಬೆರಳೆಣಿಕೆಯ ಎಲೆಗಳಷ್ಟೇ ಉಳಿದಿದ್ದಾಗ, ಸ್ಟುಡಿಯೊ ಆಚೆ ಫೋಟೊ ತೆಗೆಸಿಕೊಳ್ಳುವ ಮೊದಲ ಗಿರಾಕಿಗಳು ಬಂದರು. ನಿವೃತ್ತ ಮೇಷ್ಟ್ರು, ಅವರ ಹೆಂಡತಿ. ಇಬ್ಬರೂ ಸೂರ್ಯನಿಗೆ ಬೆನ್ನು ಹಾಕಿ, ನಾಚಿಕೊಂಡು ನಿಂತರು. ಅಜ್ಜಿಯ ಬಿಳಿ ಕೂದಲಿನ ಸುತ್ತ ಬೆಳಕು ಹತ್ತಿಯ ಹಾಗೆ ಅರಳಿತು. ಅವನು ಮಂಡಿಯೂರಿ ಕೂತು, ಬೋರ್ಡಿನಿಂದ ಬಿಸಿಲನ್ನು ಹಿಡಿದು ಅವರ ಮುಖಕ್ಕೆ ಮರಳಿಸುತ್ತಿದ್ದ.

“ಇವರು ನಿಮ್ಮ ಅಸಿಸ್ಟೆಂಟಾ ಮಗಳೇ?” ಅಜ್ಜಿ ಕೇಳಿದರು.

ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. “ಅಲ್ಲಮ್ಮ. ನಮ್ಮನೆಯವರು.”

ಬೋರ್ಡು ವಾಲಿತು. ಮೇಷ್ಟ್ರ ಅರ್ಧ ಮುಖ ಕತ್ತಲಾಯಿತು.

“ಯಾವಾಗಿಂದ?” ಕೆಳಗಿನಿಂದ ಮೆಲ್ಲನೆಯ ದನಿ ಬಂತು.

“ಈಗಿಂದ. ಬೋರ್ಡ್ ಎತ್ತಿ ಹಿಡೀರಿ, ಸೂರ್ಯ ಕಾಯಲ್ಲ.”

ಅವನು ಎತ್ತಿ ಹಿಡಿದ.