ಪಿಂಗಾಣಿ ಮುಟ್ಟದ ಕೈಗಳು

"ಡಾಕ್ಟ್ರೇ, ನೀವು ಬರೆದು ಕಳಿಸಿದ ಬಣ್ಣ ತಪ್ಪು!"

ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತವನ ಕೈಯಲ್ಲಿ ಪ್ಲಾಸ್ಟರ್ ಅಚ್ಚು, ಅಂಗಿಯ ತೋಳಿನ ಮೇಲೆ ಬಿಳಿ ಪುಡಿ. ಹಲ್ಲಿನ ಕ್ಯಾಪ್ ಮಾಡಿಕೊಡುವ ಲ್ಯಾಬಿನವನು. ಅಲ್ಲಿಯವರೆಗೆ ಅವಳಿಗೆ ಅವನು ಫೋನಿನ ದನಿ ಮಾತ್ರ.

ಅವಳು ಹಲ್ಲಿನ ಡಾಕ್ಟರಾಗಿ ಆರು ವರ್ಷವಾಗಿತ್ತು. ತಪ್ಪು ಎಂದು ಮುಖಕ್ಕೇ ಹೇಳಿದವನು ಇವನೇ ಮೊದಲು!

"ಟ್ಯೂಬ್‌ಲೈಟ್ ಕೆಳಗೆ ನೋಡಿದ್ರೆ ಹೀಗೇ ಆಗೋದು. ಪೇಷೆಂಟನ್ನ ಕಿಟಕಿ ಹತ್ರ ಕರ್ಕೊಂಡ್ಬನ್ನಿ."

ಕೋಪದಲ್ಲೇ ಕರೆತಂದಳು. ಬಿಸಿಲಲ್ಲಿ ನೋಡಿದರೆ... ಅವನ ಮಾತೇ ನಿಜ.

ಆಮೇಲೆ ಮುಂದಿನ ಹಲ್ಲಿನ ಕೆಲಸ ಬಂದಾಗಲೆಲ್ಲ ಅವನೇ ಬರತೊಡಗಿದ. ಒಂದೇ ಹಲ್ಲನ್ನು ಇಬ್ಬರೂ ಬಾಗಿ ನೋಡುವಾಗ ಅವಳ ಎದೆ ಡವಗುಟ್ಟುತ್ತಿತ್ತು. "ಬಣ್ಣ ನೋಡೋಕೆ ಇಷ್ಟು ಹೊತ್ತಾ?" ಎಂದು ಪೇಷೆಂಟುಗಳು ತೆರೆದ ಬಾಯಲ್ಲೇ ಗೊಣಗುತ್ತಿದ್ದರು. ಹೀಗೇ ಒಂದು ವರ್ಷ. ಮನಸ್ಸಿನ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ.

ಆಗ ದೊಡ್ಡಪ್ಪನ ಮುಂದಿನ ಹಲ್ಲು ಮುರಿಯಿತು. ತಂದೆಯಿಲ್ಲದ ಅವಳನ್ನು ಸಾಕಿ ಓದಿಸಿದವರು ಅವರೇ.

ಅವನು ಅಚ್ಚು ತಿರುಗಿಸಿ ತೋರಿಸಿದ. "ಕೆಳಗಿನ ಹಲ್ಲು ಹೇಗೆ ಸವೆದಿದೆ ನೋಡಿ. ಇವರು ನಿದ್ದೇಲಿ ಹಲ್ಲು ಕಡೀತಾರೆ. ಪಿಂಗಾಣಿ ತಡೆಯಲ್ಲ. ಪೂರ್ತಿ ಜಿರ್ಕೋನಿಯಾ ಮಾಡೋಣ."

"ಅದು ಗಟ್ಟಿ, ಒಪ್ಪಿದೆ. ಆದ್ರೆ ಸುಣ್ಣ ಬಳಿದ ಗೋಡೆ ತರ ಕಾಣುತ್ತೆ."

"ಒಳಗೆ ಲೋಹ ಇಟ್ಟು ಮೇಲೆ ಪಿಂಗಾಣಿ..."

"ಬೇಡ, ಒಸಡಿನ ಹತ್ರ ಕಪ್ಪು ಗೆರೆ ಬರುತ್ತೆ. ನಮ್ಮ ದೊಡ್ಡಪ್ಪ ಚೆನ್ನಾಗಿ ನಗಬೇಕು. ಪಿಂಗಾಣೀನೇ ಮಾಡಿ. ನಿಮ್ಮ ಕೈಯಿಂದ."

ಕೊನೆಯ ಮಾತಿಗೆ ಅವನು ಸೋತ. ಮೂರು ದಿನ ಕೂತು ಮಾಡಿದ. ಯಾವುದು ಹುಟ್ಟಿದ ಹಲ್ಲು, ಯಾವುದು ಕೂರಿಸಿದ್ದು ಎಂದು ದೊಡ್ಡಮ್ಮನಿಗೂ ಗೊತ್ತಾಗಲಿಲ್ಲ.

ಇಪ್ಪತ್ತನೇ ದಿನ ಅದು ಒಡೆಯಿತು.

ದೊಡ್ಡಪ್ಪ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಾಗ ಕ್ಲಿನಿಕ್ಕಿನ ತುಂಬ ಜನ. ಬೇರೆ ಕೆಲಸ ತಲುಪಿಸಲು ಅವನೂ ಬಂದಿದ್ದ.

"ನಾಲ್ಕು ಜನರ ಎದುರು ತಟ್ಟೆಗೆ ಬಿತ್ತಲ್ಲೇ! ಯಾರೇ ಇದನ್ನ ಮಾಡಿದ್ದು?"

‘ನನ್ನದೇ ತಪ್ಪು’ ಎನ್ನಬೇಕಿತ್ತು. ಅವಳ ನಾಲಿಗೆ ಬೇರೆ ಕಡೆ ಹೊರಳಿತು. "ಲ್ಯಾಬಿನವರ ಕೆಲಸ ಸರಿಯಾಗಿಲ್ಲ, ದೊಡ್ಡಪ್ಪ."

ಅವನ ಕೈಯಲ್ಲಿದ್ದ ಅಚ್ಚು ಕಂಡು ದೊಡ್ಡಪ್ಪ ಅವನತ್ತ ತಿರುಗಿದರು. "ನೀನೇನಾ? ಮಾಡೋಕೆ ಬರದಿದ್ರೆ ಬೇರೆ ಕೆಲಸ ನೋಡ್ಕೋಪ್ಪಾ! ಜನರ ಬಾಯಲ್ಲಿ ಆಟ ಆಡಬೇಡ!"

ಅವನು ಅವಳತ್ತ ಒಮ್ಮೆ ನೋಡಿದ. ‘ಹೇಳಿಬಿಡಿ... ಮೊದಲೇ ಎಚ್ಚರಿಸಿದ್ದೆ ಅಂತ ಹೇಳಿಬಿಡಿ!’ ಎಂದು ಅವಳ ಮನಸ್ಸು ಕೂಗುತ್ತಿತ್ತು.

"ತಪ್ಪಾಯ್ತು ಸರ್," ಎಂದಷ್ಟೇ ಹೇಳಿ ಅವನು ಮೆಟ್ಟಿಲಿಳಿದ. ಮತ್ತೆ ಬರಲಿಲ್ಲ.

ಎಷ್ಟು ಸಲ ಅವನ ನಂಬರು ತೆಗೆದಳೋ! ಪ್ರತಿ ಸಲವೂ ‘ನಾಳೆ’... ನಾಳೆ ನಾಳೆ ಎನ್ನುತ್ತ ಎಂಟು ತಿಂಗಳು ಕಳೆದವು.

ಒಂದು ಮಧ್ಯಾಹ್ನ ದೊಡ್ಡಪ್ಪ ಹಲ್ಲು ತೋರಿಸಲು ಬಂದರು. ಈಗ ಇದ್ದದ್ದು ಇನ್ನೊಂದು ಲ್ಯಾಬಿನ ಜಿರ್ಕೋನಿಯಾ.

"ಕಲ್ಲಿದ್ದಂಗಿದೆ ಕಣೇ! ಆ ಹುಡುಗ ಮೊದಲೇ ಇದನ್ನ ಹಾಕಬಾರದಿತ್ತಾ?"

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಅವರು ಇದನ್ನೇ ಹೇಳಿದ್ರು, ದೊಡ್ಡಪ್ಪ... ಕೇಳದೆ ಹೋದವಳು ನಾನು."

ದೊಡ್ಡಪ್ಪ ಕುರ್ಚಿಯಿಂದ ಎದ್ದು ನಿಂತರು.

"ನಾನು ಬಾಯಿಗೆ ಬಂದಂಗೆ ಬೈದೆ. ನೀನು ನಿಂತು ನೋಡಿದೆ. ನಾವು ನಿನ್ನ ಹೀಗಾ ಬೆಳೆಸಿದ್ದು?"

ಅವಳು ಬಿಳಿ ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿದವಳೇ ಲ್ಯಾಬಿಗೆ ನಡೆದಳು.

ಅವನು ಬೆಂಚಿನ ಮುಂದೆ ಕೂತು ಕ್ಯಾಪೊಂದನ್ನು ಉಜ್ಜುತ್ತಿದ್ದ. ಟ್ರೇ ತುಂಬ ಲೋಹದ ಕ್ಯಾಪುಗಳೇ. ಮೂಲೆಯಲ್ಲಿ ಪಿಂಗಾಣಿ ಸುಡುವ ಒಲೆಗೆ ಬಟ್ಟೆ ಮುಚ್ಚಿತ್ತು.

"ಪಿಂಗಾಣಿ ಕೆಲಸ...?"

"ಬಿಟ್ಟೆ. ಬ್ರಷ್ ಹಿಡಿದ್ರೆ ಕೈ ನಡುಗುತ್ತೆ. ಲೋಹ ಒಡೆಯಲ್ಲ ಡಾಕ್ಟ್ರೇ, ಮಾತೂ ಕೇಳಬೇಕಾಗಿಲ್ಲ."

ಅಯ್ಯೋ... ಎಂಥ ಕೈಗಳವು! ಆ ಕೈಗಳನ್ನು ನಾನೇ ಕಟ್ಟಿಹಾಕಿದೆನಲ್ಲ!

"ಗೊತ್ತಿದ್ದೂ ಸುಳ್ಳು ಹೇಳಿದೆ. ದೊಡ್ಡಪ್ಪನ ಕಣ್ಣಲ್ಲಿ ಸಣ್ಣವಳಾಗೋಕೆ ಹೆದರಿ ನಿಮ್ಮನ್ನ ಸಣ್ಣವರನ್ನಾಗಿ ಮಾಡಿದೆ. ಇವತ್ತು ಅವರಿಗೆ ಎಲ್ಲ ಹೇಳಿ ಬಂದೆ... ಅವತ್ತು ನೀವ್ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮ ಮನೆಯವರ ಮುಂದೆ ನಿಮ್ಮ ತಲೆ ತಗ್ಗೋದು ಬೇಡ ಅನ್ನಿಸ್ತು. ಸಂಜೆ ಫೋನ್ ಮಾಡ್ತೀರಿ ಅಂದ್ಕೊಂಡೆ." ಅವನು ಮತ್ತೆ ಕ್ಯಾಪು ಉಜ್ಜತೊಡಗಿದ. "ಮರುದಿನಾನೂ ಅಂದ್ಕೊಂಡೆ..."

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಹೇಳೋ ಯೋಗ್ಯತೆ ಈಗ ನನಗಿಲ್ಲ. ಆದ್ರೂ..."

ಕ್ಯಾಪು ಅವನ ಬೆರಳಿಂದ ಜಾರಿತು.

"ಇದನ್ನ ಹೇಳೋಕೆ ನಿನಗೆ ಎಂಟು ತಿಂಗಳು ಬೇಕಾಯ್ತಾ?"

ನಿನಗೆ! ಮೊದಲ ಸಲ ‘ನೀನು’ ಎಂದಿದ್ದ. ಕಳೆದ ದಿನಗಳನ್ನು, ಅವನ ಕೈಯ ಮೊದಲಿನ ಧೈರ್ಯವನ್ನು ಹೇಗೆ ಹಿಂದಿರುಗಿಸುವುದು? ಅವಳು ಬಿಕ್ಕಿ ಬಿಕ್ಕಿ ಅತ್ತಳು.

"ಬೈಯಿರಿ... ಇನ್ನೂ ಬೈಯಿರಿ."

"ಬೈಯೋಕೇನು, ಇನ್ಮುಂದೆ ಬೇಕಾದಷ್ಟು ದಿನ ಇದೆ." ಅವನು ತನ್ನ ಪಕ್ಕಕ್ಕೆ ಸ್ಟೂಲು ಎಳೆದು, ತೋಳಿನಿಂದ ಅದರ ಪುಡಿ ಒರೆಸಿದ. "ಈಗ ಕೂತ್ಕೋ."