ಗುಂಡಿ ಬಿದ್ದ ಹತ್ತನೆಯ ಅಂಕಿ

ಕಲ್ಲುಕುಟಿಗನ ಹೆಂಡತಿ ಬಾಗಿಲಿಗೆ ಬಂದಾಗ ಅತ್ತೆಯವರು ಕಾಲು ನೀಡಿಕೊಂಡು ಪತ್ರಿಕೆ ಓದುತ್ತಿದ್ದರು. ನಾನು ಆ ಮನೆಯ ಅಳಿಯ. ಪತ್ತೇದಾರಿಕೆಯಲ್ಲಿ ಅತ್ತೆಯ ಬಾಲ.

"ಗಣಿತ ಸಂಸ್ಥೆಯ ಕಲ್ಲು ಒಡೆದದ್ದು ನಮ್ಮ ಯಜಮಾನರೇ ಅಂತ ನಿರ್ದೇಶಕರು ಕೂರಿಸ್ಕೊಂಡಿದಾರೆ ಅಮ್ಮ. ಸಂಜೆ ಪೊಲೀಸರಿಗೆ ಒಪ್ಪಿಸ್ತಾರಂತೆ. ಆಮೇಲೆ ಇವರಿಗೆ ಯಾರು ಕೆಲಸ ಕೊಡ್ತಾರೆ?"

ಆ ನಿರ್ದೇಶಕರನ್ನು ನೆನೆದರೇ ನನಗೆ ಮೈಯುರಿ. ಗಣಕಯಂತ್ರಗಳಿಲ್ಲದ ಕಾಲವದು. ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಭಾಗವಾಗದ ದೈತ್ಯ ಅವಿಭಾಜ್ಯ ಸಂಖ್ಯೆಯೊಂದನ್ನು ಕಂಡುಹಿಡಿದೆನೆಂದು ಡಂಗುರ ಹೊಡೆದಿದ್ದರು. ಸಂಖ್ಯೆಯನ್ನು ಯಾರಿಗೂ ತೋರಿಸದೆ ತಮ್ಮ ಹೆಸರಿನ ಸಮೇತ ಕಲ್ಲಿನಲ್ಲಿ ಕೆತ್ತಿಸಿದ್ದರು. ಅಂದು ಸಂಜೆ ಅದರ ಅನಾವರಣ.

ನಾವು ಹೋಗಿ ನೋಡಿದರೆ, ಸಂಸ್ಥೆಯ ಪಡಸಾಲೆಯ ಕಲ್ಲಿನಲ್ಲಿ 416093825, ಒಂದು ಗುಂಡಿ, ಆಮೇಲೆ 146073921. ಅತ್ತೆ ತುಟಿ ಅಲ್ಲಾಡಿಸುತ್ತ ಅದರುದ್ದಕ್ಕೂ ನಡೆದರು. ನೆಲದಿಂದ ಚಕ್ಕೆಯೊಂದನ್ನು ಎತ್ತಿ ನನಗೆ ಕೊಟ್ಟರು. ಅದರ ಮೇಲೆ ನೇರವಾದ ಅಡ್ಡಗೆರೆಯಿತ್ತು.

"ಇಲ್ಲಿ ಯಾವ ಅಂಕಿ ಇತ್ತು?"

"ಎಂಟು," ಎಂದರು ನಿರ್ದೇಶಕರು, ನೊಣ ಓಡಿಸುವಂತೆ ಕೈಯಾಡಿಸಿ. "ನಿನ್ನೆ ಇವನನ್ನು ಬೈದೆ. ಆ ಸಿಟ್ಟಿಗೆ ಒಡೆದಿದಾನೆ."

"ಏಳು," ಎಂದ ಕಲ್ಲುಕುಟಿಗ. "ನೀವು ಹೇಳಿದ್ದೇ ಏಳು."

ಉಪನಿರ್ದೇಶಕರು ಮೂಲೆಯಲ್ಲಿ ಮುಸಿಮುಸಿ ನಗುತ್ತಿದ್ದರು. ಅವರಿಗೂ ನಿರ್ದೇಶಕರಿಗೂ ಎಣ್ಣೆ ಸೀಗೆಕಾಯಿ. ನನ್ನ ಅನುಮಾನವೆಲ್ಲ ಅವರ ಮೇಲಿತ್ತು.

ಅತ್ತೆ ಎಲ್ಲರನ್ನೂ ಕಲ್ಲಿನ ಮುಂದೆ ಕೂರಿಸಿ ಚಕ್ಕೆಯನ್ನು ಗುಂಡಿಯ ಮೇಲಂಚಿಗೆ ಹೊಂದಿಸಿದರು.

"ಸರಿಯಾಗಿ ಕೂರುತ್ತೆ. 8ರಲ್ಲಿ ನೇರ ಗೆರೆ ಎಲ್ಲಿದೆ? ಇದು 7ರ ನೆತ್ತಿ. ಮತ್ತೆ ಸುಳ್ಳು ಯಾಕೆ? ಉಳಿದ ಅಂಕಿ ಕೂಡಿದರೆ ಎಪ್ಪತ್ತೊಂದು, ಏಳು ಸೇರಿದರೆ ಎಪ್ಪತ್ತೆಂಟು. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತೆ. ನಿಮ್ಮ ದೈತ್ಯ ಮೂರಕ್ಕೇ ಮಕಾಡೆ ಮಲಗಿದೆ."

ಅಂಕಿ ಕೂಡಿಸುವುದು ಆ ಸಂಸ್ಥೆಯಲ್ಲಿ ಮಕ್ಕಳಾಟ, ವಿದ್ವಾಂಸರಿಗೆ ಅವಮಾನ. ಕಲ್ಲು ಸಿದ್ಧವಾಗುವ ತನಕ ನಿರ್ದೇಶಕರೂ ಕೂಡಿಸಿರಲಿಲ್ಲ.

"ಉಪನಿರ್ದೇಶಕರು ಒಡೆದಿರಬಹುದಲ್ಲ?" ಎಂದೆ.

"ಅಳಿಯಂದಿರೇ, ಅವರಿಗೆ ಈ ತಪ್ಪು ಗೊತ್ತಾಗಿದ್ದರೆ ಕಲ್ಲಿಗೆ ಕಾವಲು ಕೂರ್ತಿದ್ದರು, ಅತಿಥಿಗಳ ಮುಂದೆ ನಗೋಕೆ. ಅದನ್ನ ಮುಚ್ಚಬೇಕಾಗಿದ್ದದ್ದು ಒಬ್ಬರಿಗೇ."

ನಿರ್ದೇಶಕರ ಮುಖ ಹುಳ್ಳಗಾಯಿತು. "ನಾನೇ ಒಡೆದೆ. ಆದರೆ ಅದು ಬರೀ ಕೈತಪ್ಪು. ಎಂಟು ಹಾಕಿದರೆ ಅವಿಭಾಜ್ಯವೇ."

ಅತ್ತೆ ಅವರನ್ನು ಚಪ್ಪಲಿಗೆ ಮೆತ್ತಿದ ಕೆಸರಿನಂತೆ ನೋಡಿದರು. "ಒಂದು ಬಿಟ್ಟು ಒಂದು ಅಂಕಿ ಕೂಡಿ. ಒಂದು ಸಾಲು ಐವತ್ತಾರು, ನಿಮ್ಮ ಎಂಟಿರೋ ಸಾಲು ಇಪ್ಪತ್ಮೂರು. ವ್ಯತ್ಯಾಸ ಮೂವತ್ಮೂರು. ಅದು ಹನ್ನೊಂದರಿಂದ ಭಾಗವಾಗುತ್ತೆ, ಸಂಖ್ಯೆಯೂ ಅಷ್ಟೇ. ಸುಳ್ಳು ಹೇಳೋಕಾದರೂ ಲೆಕ್ಕ ಬರಬೇಕು ಸ್ವಾಮಿ."

ಕಲ್ಲುಕುಟಿಗನ ಕೈಗೆ ಉಳಿ ಮರಳಿತು. ಹೆಂಡತಿ ಅವನ ತೋಳು ಹಿಡಿದು ನಿಂತಿದ್ದಳು.

"ಎಲ್ಲಾ ಅಳಿಸಿಬಿಡ್ಲಾ ಅಮ್ಮ?"

"ಏನೂ ಮುಟ್ಟಬೇಡಪ್ಪ," ಎಂದರು ಅತ್ತೆ. "ಕೆಳಗೆ ಅವರ ಹೆಸರನ್ನ ಚೆನ್ನಾಗಿ ಕೆತ್ತಿದೀಯ. ಅತಿಥಿಗಳು ಬರಲಿ."