ಹೊಸ್ತಿಲಾಚೆ ನಿಂತ ಬೈಕು

“ಇಲ್ಲ! ನಿಮಗೆ ಕೊಡಲ್ಲ.”

ಯಾಛಿನ್ ಚಾಚಿದ ಕೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡಳು. ತೈನಾನ್ ಊರಿನ ಆ ಕಿರುಗಲ್ಲಿಯಲ್ಲಿ, ತುಕ್ಕು ಹಿಡಿದ ಹಳೇ ಬೈಕಿನ ಆಚೆ ಬದಿಗೆ ವೆನ್‌ಪಿನ್ ಕೈಕಟ್ಟಿ ನಿಂತಿದ್ದ.

“ಮಾರಾಟಕ್ಕಿದೆ ಅಂತ ನೀವೇ ಬೋರ್ಡು ಹಾಕಿದ್ದೀರಲ್ಲಾ...”

“ಹಾಕಿದ್ದೀನಿ. ಆದ್ರೆ ಇದು ಓಡಲ್ಲ. ನೀವು ತಗೊಂಡ್ಹೋಗಿ ಮೇಲೆ ಹೂಕುಂಡ ಇಟ್ಟು ಫೋಟೋ ತೆಗೀತೀರಿ. ನಮ್ಮ ತಾತನ ಬೈಕು ರೀ ಇದು!”

ಜಗಳವಾಡುವುದು ಅವಳಿಗೆ ಬರದು.

“ನಾನು... ಓಡಿಸ್ತೀನಿ.”

ಒಳಗಿನಿಂದ ಅವನ ಅಜ್ಜಿಯ ನಗು ಕೇಳಿತು. “ಕೊಡೋ ಮೊದ್ದೇ! ಅವಳು ಬಂದಾಗಿನಿಂದ ಬೈಕನ್ನೇ ನೋಡ್ತಿದಾಳೆ. ನೀನು ಅವಳನ್ನೇ ನೋಡ್ತಿದೀಯ!”

ವೆನ್‌ಪಿನ್ ಕಿವಿ ಕೆಂಪಾಯಿತು. ಕೊಟ್ಟೇಬಿಟ್ಟ... ರಿಪೇರಿಗೆ ತಾನೂ ಬರುತ್ತೇನೆಂಬ ಷರತ್ತಿನ ಮೇಲೆ.

ಆಮೇಲೆ ಪ್ರತಿ ಭಾನುವಾರ ಅವನು ಬಂದ. ಯಾಛಿನ್ ಮನೆಯ ಹಜಾರದಲ್ಲಿ ಹಳೇ ಪೇಪರು ಹಾಸಿ ಬೈಕು ಬಿಚ್ಚಿದರು. ಅವನು ಟ್ಯಾಂಕಿನ ತುಕ್ಕು ಉಜ್ಜಿದರೆ ಅವಳು ಚೈನಿನ ಜಿಡ್ಡು ತೊಳೆದಳು. ಮಾತು ನೀವಿನಿಂದ ನೀನಿಗೆ ಇಳಿದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆಪರೇಷನ್ ಆಗಿ ಮನೆಗೆ ಬಂದಿದ್ದ ಅಮ್ಮ ಅಲ್ಲೇ ಮಂಚದ ಮೇಲೆ ಮಲಗಿ ನೋಡುತ್ತಿದ್ದಳು.

ಒಂದು ದಿನ ಅಮ್ಮ ಸುಮ್ಮನಿರಲಾರದೆ ಕೇಳಿಯೇಬಿಟ್ಟಳು. “ವೆನ್‌ಪಿನ್, ನೀನು ಹುಟ್ಟಿದ್ದು ಯಾವ ಪ್ರಾಣಿಯ ವರ್ಷದಲ್ಲಪ್ಪಾ? ನಮ್ಮವಳು ಮೊಲ.”

ಆ ಊರಿನಲ್ಲಿ ಮದುವೆಗೆ ಮುಂಚೆ ಜಾತಕದ ಹಾಗೆ ಹುಟ್ಟಿದ ವರ್ಷದ ಪ್ರಾಣಿ ಕೂಡಿಬರುತ್ತದೋ ನೋಡುತ್ತಾರೆ; ಹೆಣ್ಣಿನ ತಾಯಿ ಅದನ್ನು ಸುಮ್ಮನೆ ಕೇಳುವುದಿಲ್ಲ! ಯಾಛಿನ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ವೆನ್‌ಪಿನ್ ಗಡಿಬಿಡಿಯಿಂದ ಕಾರ್ಬುರೇಟರನ್ನು ಬಟ್ಟೆಯಲ್ಲಿ ಸುತ್ತಿ, “ಇದನ್ನ ಮನೇಲಿ ಕ್ಲೀನ್ ಮಾಡ್ತೀನಿ” ಎಂದು ಎದ್ದುಹೋದ.

ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ.

ಮೆಸೇಜು ಹಾಕಿದಳು. ‘ಸದ್ಯ ಬರೋಕಾಗಲ್ಲ’ ಅಂತ ಇಷ್ಟೇ ಉತ್ತರ.

‘ಅಮ್ಮ ಕೇಳಿದ್ದಕ್ಕೇ ಓಡಿಹೋದ... ನಾನೇನು ಅವನನ್ನ ಹಿಡಿದಿಟ್ಟುಕೊಳ್ತಿದ್ನಾ?’

ತಾನೊಬ್ಬಳೇ ಬ್ರೇಕು ಕೂಡಿಸಿದಳು, ಚೈನು ಹಾಕಿದಳು. ಚಕ್ರ ಉರುಳಿತು. ಆದರೆ ಕಾರ್ಬುರೇಟರ್ ಇಲ್ಲದ ಇಂಜಿನ್ನಿಗೆ ಉಸಿರೆಲ್ಲಿಂದ ಬರಬೇಕು? ಅದರ ಖಾಲಿ ಜಾಗ ನೋಡಿದಾಗೆಲ್ಲ ಕಣ್ಣು ತುಂಬುತ್ತಿತ್ತು. ಹೋಗಿ ಕೇಳುವ ಧೈರ್ಯವಿಲ್ಲ. ಮರೆಯೋಣವೆಂದರೆ ಹಜಾರದ ತುಂಬಾ ಅವನ ಕೈ ಮುಟ್ಟಿದ ವಸ್ತುಗಳೇ!

ಒಂದು ಸಂಜೆ ಗೇಟು ಕಿರ್ರೆಂದಿತು. ಇಣುಕಿದರೆ ವೆನ್‌ಪಿನ್! ಗೇಟಿಗೊಂದು ಚೀಲ ಸಿಕ್ಕಿಸಿ ಸದ್ದಿಲ್ಲದೆ ತಿರುಗುತ್ತಿದ್ದ.

ಅವಳ ಸಂಕೋಚವೆಲ್ಲ ಎಲ್ಲಿ ಹೋಯಿತೋ!

“ನಿಂತ್ಕೋ! ನಮ್ಮ ಹೊಸ್ತಿಲು ನಿನಗೆ ಅಷ್ಟು ಭಯಾನಾ? ಯಾರೂ ನಿನ್ನ ಕಟ್ಟಿಹಾಕಲ್ಲ!”

ಓಡಿ ಹತ್ತಿರ ಬಂದಳು. ಅವನು ಗಾಬರಿಯಿಂದ ಹಿಂದೆ ಸರಿದ.

“ಹತ್ರ ಬರಬೇಡ ಯಾಛಿನ್... ದಯವಿಟ್ಟು.”

ಆಗ ಕಂಡಿತು, ಅವನ ತೋಳಿಗೆ ಪಿನ್ನು ಹಾಕಿದ್ದ ಪುಟ್ಟ ಬಟ್ಟೆತುಂಡು. ಸೂತಕದ ಗುರುತು.

“ಅಜ್ಜಿ...?”

ಅವನು ತಲೆಯಾಡಿಸಿದ. “ಅವತ್ತು ಭಾನುವಾರ ಮನೆಗೆ ಹೋದೆ. ಅಜ್ಜಿ ಕುರ್ಚೀಲಿ ಕೂತಹಾಗೇ...” ದನಿ ಒಡೆಯಿತು. “ಸಾವಾದ ಮನೆಯವನು ಯಾರ ಮನೆಗೂ ಹೋಗಬಾರದಲ್ಲ. ಆಂಟಿ ಬೇರೆ ಈಗಷ್ಟೇ ಆಸ್ಪತ್ರೆಯಿಂದ ಬಂದಿದಾರೆ. ಹೇಳಿದ್ರೆ ನೀನು ಓಡಿ ಬರ್ತಿದ್ದೆ, ಸೂತಕ ನಿಮ್ಮನೆಗೆ ಅಂಟುತ್ತೆ ಅಂತ ಹೇಳಲಿಲ್ಲ.”

ಯಾಛಿನ್ ನಿಂತಲ್ಲೇ ಕರಗಿಹೋದಳು. ಒಳಗೆ ಕರೆಯುವ ಹಾಗಿಲ್ಲ. ಕೈ ಹಿಡಿದು ಸಮಾಧಾನ ಹೇಳುವ ಹಾಗಿಲ್ಲ. ಏನು ಮಾಡಲಿ? ಏನು ಮಾಡಲಿ?

ಸರಕ್ಕನೆ ಮನೆಯೊಳಗೆ ಹೋದಳು. ಸ್ಟ್ಯಾಂಡು ಎತ್ತಿ, ಹಲ್ಲು ಕಚ್ಚಿ, ಬೈಕನ್ನೇ ಹೊಸ್ತಿಲು ದಾಟಿಸಿ ಗಲ್ಲಿಗೆ ತಂದು ನಿಲ್ಲಿಸಿದಳು.

“ನೀನು ಒಳಗೆ ಬರಬೇಡ. ಇದು ಹೊರಗೆ ಬರುತ್ತೆ.”

ಬೈಕಿನ ಆಚೆಗೊಬ್ಬರು, ಈಚೆಗೊಬ್ಬರು ಕುಳಿತರು. ಅಳುತ್ತಲೇ ಚೀಲದಿಂದ ಕಾರ್ಬುರೇಟರ್ ತೆಗೆದು ಕೂಡಿಸಿದರು. ಕಿಕ್ಕರ್ ಒದ್ದಳು. ಸದ್ದಿಲ್ಲ. ಮತ್ತೆ ಒದ್ದಳು. ಮತ್ತೂ ಒದ್ದಳು. ಕೊನೆಗೊಮ್ಮೆ ಇಂಜಿನ್ ಕೆಮ್ಮಿ, ಗುಡುಗುಡು ಅಂದು, ಮತ್ತೆ ಆರಿಹೋಯಿತು.

ಅಷ್ಟೇ. ಆದರೂ ವೆನ್‌ಪಿನ್ ಸೀಟಿನ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತ.

ಅಮ್ಮ ಗೋಡೆ ಹಿಡಿದುಕೊಂಡು ಬಂದು, ಮೀನಿನ ಗಂಜಿಯ ಬಟ್ಟಲನ್ನು ಬಾಗಿಲಾಚೆಯ ಸ್ಟೂಲಿನ ಮೇಲಿಟ್ಟಳು. “ಮೊದಲು ತಿನ್ನು ಮಗಾ. ಆಮೇಲೆ ಅಳು.” ಇಷ್ಟೇ ಹೇಳಿ ಒಳಗೆ ಹೋದಳು.

ಬಟ್ಟಲು ಖಾಲಿಯಾದ ಮೇಲೆ ಅವನು ತಗ್ಗಿದ ದನಿಯಲ್ಲಿ ಅಂದ:

“ಹಂದಿ.”

“ಏನು? ಯಾರಿಗೆ ಬೈತಿದೀಯ?”

“ನಾನು ಹುಟ್ಟಿದ ವರ್ಷ. ಆಂಟಿ ಕೇಳಿದ್ರಲ್ಲ... ಅಜ್ಜಿ ಹತ್ರ ಒಂದು ಮಾತು ಕೇಳಿ ಹೇಳೋಣ ಅಂತ ಅವತ್ತು ಓಡಿದ್ದೆ. ಮೊಲಕ್ಕೂ ಹಂದಿಗೂ ಆಗಿಬರುತ್ತಾ ಅಂತ.”

ಯಾಛಿನ್ ತಲೆ ತಗ್ಗಿಸಿದಳು. ಹ್ಯಾಂಡಲ್ಲಿನ ಈ ತುದಿ ಅವಳ ಕೈಯಲ್ಲಿ, ಆ ತುದಿ ಅವನ ಕೈಯಲ್ಲಿ.

“ಇನ್ನು ಯಾರನ್ನ ಕೇಳ್ತೀಯ?”

“ನಿನ್ನನ್ನೇ.”

“...ಆಗಿಬರುತ್ತೆ,” ಎಂದಳು.